ಡಿಟೆಕ್ಟರ್ ಕೂಗುತ್ತದೆ, ನೆಲ ಬಿಡುವುದಿಲ್ಲ: ಗಟ್ಟಿ ಭೂಮಿ ಅಗೆಯುವ ಯಂತ್ರಗಳ ದೋಷ ನಿವಾರಣೆ

ರೋಟಾವೇಟರಿನಿಂದ ಕಳಚಿ ಬಿದ್ದ ಬ್ಲೇಡು, ಜೆಸಿಬಿ ಬಕೆಟ್ಟಿನ ಹಲ್ಲು, ಮಣ್ಣಡಿ ಹೂತುಹೋದ ಪೈಪ್‌ಲೈನಿನ ವಾಲ್ವು, ಕಬ್ಬು ಕಡಿಯುವಾಗ ಬೆರಳಿನಿಂದ ಜಾರಿದ ಉಂಗುರ. ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಬೇಕಾಗುವುದು ಹೆಚ್ಚಾಗಿ ಇಂಥವುಗಳಿಗೆ. ಜಾಗ ಸಿಕ್ಕುವುದು ಬೇಗ, ತೆಗೆಯುವುದೇ ತಡ. ಏಪ್ರಿಲ್‌, ಮೇ ತಿಂಗಳಲ್ಲಿ ವಿಜಯಪುರದ ಎರಿ (ಕಪ್ಪು ಜೇಡಿಮಣ್ಣು), ಬಾಗಲಕೋಟೆಯ ಗರಸು (ಹರಳು ಬೆರೆತ ಕೆಂಪು ಮಣ್ಣು), ಖಾನಾಪುರ ಕಡೆಯ ಜಂಬಿಟ್ಟಿಗೆ ನೆಲ ಯಾವುದೂ ಕೈಸಲಿಕೆಗೆ ಬಗ್ಗುವುದಿಲ್ಲ. ಹಾಗಾಗಿ ಬ್ಯಾಟರಿ ಡ್ರಿಲ್ಲಿಗೆ ಸಸಿ ನೆಡುವ ಆಗರ್ (ಮಣ್ಣು ಕೊರೆಯುವ ಸುರುಳಿ ಬಿಟ್) ಸಿಕ್ಕಿಸುವುದು, ಗೋಡೆ ಒಡೆಯುವ ಹ್ಯಾಮರಿಗೆ ಗಾಡಿಯ ಕಮಾನು ಪಟ್ಟಿಯಿಂದ (ಸ್ಪ್ರಿಂಗ್ ಪಟ್ಟಿ) ಮಾಡಿದ ಸಲಿಕೆ ಬೆಸೆಯುವುದು, ಇಂಥ ಜುಗಾಡು ಎಲ್ಲ ಕಡೆ ನಡೆಯುತ್ತದೆ. ಕೈಕೊಡುವುದೂ ಅಷ್ಟೇ ಸಾಮಾನ್ಯ.

ಕೈಕೊಟ್ಟಾಗ ಹೆಚ್ಚಿನವರು ಮೊದಲು ಬಿಚ್ಚುವುದು ಯಂತ್ರವನ್ನು. ಇಲ್ಲಿ ಹೇಳುವ ಕ್ರಮ ಅದಕ್ಕೆ ತಿರುವುಮುರುವು: ಮೊದಲು ನೆಲ, ಆಮೇಲೆ ಬಿಟ್, ಆಮೇಲೆ ಕರೆಂಟು, ಕೊನೆಗೆ ಯಂತ್ರ. ದುರಸ್ತಿ ಅಂಗಡಿಗೆ ಬರುವ ಡ್ರಿಲ್ಲುಗಳಲ್ಲಿ ಮೋಟಾರು ಸುಟ್ಟಿದ್ದರೂ ಸುಟ್ಟ ಕಾರಣ ಹೆಚ್ಚಾಗಿ ಮೊದಲ ಎರಡರಲ್ಲೇ ಇರುತ್ತದೆ.

ಶುರು ಮಾಡುವ ಮುನ್ನ ಕಾನೂನಿನ ಎರಡು ಮಾತು. ಬಾದಾಮಿ, ಐಹೊಳೆ, ಪಟ್ಟದಕಲ್ಲು, ವಿಜಯಪುರ ನಗರ ಇವೆಲ್ಲ ಸಂರಕ್ಷಿತ ಸ್ಮಾರಕಗಳ ಜಾಗ. ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಡಿಟೆಕ್ಟರ್ ಹೊರಗೆ ತೆಗೆಯಲೇಬೇಡಿ. ನಿಮ್ಮದೇ ಹೊಲದಲ್ಲಿ ಹಳೆಯ ನಾಣ್ಯವೋ ಒಡವೆಯೋ ಸಿಕ್ಕರೆ ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಮುಂದಿನದೆಲ್ಲ ನಿಮ್ಮ ಜಮೀನು ಅಥವಾ ಮಾಲೀಕರ ಒಪ್ಪಿಗೆ ಇರುವ ಜಮೀನಿಗೆ ಮಾತ್ರ.

ಯಂತ್ರ ತಿರುಗುತ್ತದೆ, ಬಿಟ್ ಇಳಿಯುವುದಿಲ್ಲ

ಯಂತ್ರ ಬದಿಗಿಟ್ಟು ಹಾರಿ (ಹಾರೆಕೋಲು) ತೆಗೆದುಕೊಳ್ಳಿ. 5–6 ಕೆಜಿಯ ಹಾರಿಯನ್ನು ಸೊಂಟದೆತ್ತರದಿಂದ ನೇರವಾಗಿ ಬಿಡಿ, ಕೈಯಿಂದ ಒತ್ತಬೇಡಿ. ಐದು ಸೆಂ.ಮೀ.ಗಿಂತ ಹೆಚ್ಚು ನಟ್ಟು ನಿಂತರೆ ಆಗರ್ ಸಾಕು. ಒಂದೆರಡು ಸೆಂ.ಮೀ. ಹೋಗಿ ದಬ್ ಎಂದು ಮಂಕು ಸದ್ದು ಬಂದರೆ ಆಗರ್ ಬಿಡಿ, ಹ್ಯಾಮರಿಗೆ ಸಲಿಕೆ ಚಿಸೆಲ್ ಹಾಕಿ. ಠಣ್ ಎಂದು ಹಾರಿ ಪುಟಿದರೆ ಅಡಿಯಲ್ಲಿ ಕಲ್ಲಿದೆ. ಮೊನೆ ಚಿಸೆಲ್ ಬಿಟ್ಟು ಬೇರೆ ಯಾವುದೂ ಅಲ್ಲಿ ನಡೆಯುವುದಿಲ್ಲ. ಈ ಪರೀಕ್ಷೆಯನ್ನು ಡಿಟೆಕ್ಟರ್ ಕೂಗಿದ ಗುರುತಿನ ಮೇಲೆ ಮಾಡಬೇಡಿ, ಎರಡು ಅಡಿ ಪಕ್ಕಕ್ಕೆ ಮಾಡಿ.

ಎರಡನೆಯ ಸಾಕ್ಷಿ ಬಿಟ್ಟಿನ ಸುತ್ತ ಮೇಲೆ ಬರುವ ಮಣ್ಣು. ಹಿಟ್ಟಿನಂಥ ಕಪ್ಪು ಪುಡಿ ಬಂದು ಆಗರಿನ ಅಂಚು ಮಿರಿಮಿರಿ ಹೊಳೆಯುತ್ತಿದ್ದರೆ, ಮುಟ್ಟಿದರೆ ಬಿಸಿ ಇದ್ದರೆ, ಅದು ಒಣ ಎರಿ. ಅಂಚು ಕತ್ತರಿಸುತ್ತಿಲ್ಲ, ಬರೀ ಉಜ್ಜುತ್ತಿದೆ. ಕೆಂಪು ಮಣ್ಣಿನ ಜೊತೆ ಕಡಲೆ ಗಾತ್ರದ ಹರಳು ಬಂದರೆ ಗರಸು. ಬಿಳಿ ಪುಡಿ ಬಂದರೆ ಎರಿಯ ಕೆಳಪದರದಲ್ಲಿರುವ ಸುಣ್ಣದ ಹರಳಿಗೆ ತಾಗಿದ್ದೀರಿ. ಚೂಪು ಅಂಚಿನ ಬೂದುಗಪ್ಪು ಚಕ್ಕೆ ಬಂದರೆ ಅದು ಕರಿಕಲ್ಲು. ಕರಿಕಲ್ಲಿನ ಮೇಲೆ ಆಗರ್ ಒತ್ತುತ್ತ ನಿಂತರೆ ಮೊನೆ ಸವೆಯುತ್ತದೆಯೇ ಹೊರತು ಗುಂಡಿ ಆಗುವುದಿಲ್ಲ.

ಒಣ ಎರಿಯಲ್ಲಿ ಆಗರ್ ಸೋಲುವುದಕ್ಕೆ ಕಾರಣ ಸರಳ. ಆಗರ್ ಮಣ್ಣನ್ನು ಮೇಲಕ್ಕೆತ್ತುವ ಸಾಧನ, ಕತ್ತರಿಸುವುದು ಅದರ ಎರಡನೆಯ ಕೆಲಸ. ನಡುವಿನ ತಿರುಪು ಮೊನೆ ಮಣ್ಣಿಗೆ ಹಲ್ಲು ಕಚ್ಚಿ ಇಡೀ ಬಿಟ್ಟನ್ನು ಕೆಳಕ್ಕೆ ಎಳೆಯಬೇಕು. ಒಣಗಿದ ಜೇಡಿಯಲ್ಲಿ ಆ ತಿರುಪು ಮಣ್ಣನ್ನು ಪುಡಿ ಮಾಡಿಕೊಂಡು ಖಾಲಿ ಸುತ್ತುತ್ತದೆ, ಎಳೆತ ನಿಂತುಹೋಗುತ್ತದೆ. ಆಗ ಮೇಲಿಂದ ಮೈಭಾರ ಹಾಕುವುದೇ ಎಲ್ಲರೂ ಮಾಡುವ ಕೆಲಸ, ಮೋಟಾರು ಸುಡುವುದೂ ಅಲ್ಲೇ.

ಸರಿಪಡಿಸುವ ದಾರಿ ಮೂರು. ಮೊದಲನೆಯದು ಅಗಲ ಇಳಿಸುವುದು. 75 ಮಿ.ಮೀ. ಆಗರ್ ಅಗೆಯುವ ವಿಸ್ತೀರ್ಣ 50 ಮಿ.ಮೀ. ಆಗರಿನ ಎರಡೂಕಾಲು ಪಟ್ಟು. 18 ವೋಲ್ಟಿನ ಡ್ರಿಲ್ಲಿಗೆ ಗಟ್ಟಿ ನೆಲದಲ್ಲಿ 50 ಮಿ.ಮೀ.ಯೇ ಮಿತಿ. ಗೇರು 1ರಲ್ಲಿರಲಿ, ಕ್ಲಚ್ಚಿನ ಉಂಗುರ ಡ್ರಿಲ್ ಗುರುತಿನಲ್ಲಿರಲಿ. ಕ್ಲಚ್ ಸಣ್ಣ ಅಂಕಿಯ ಮೇಲಿದ್ದು ಕಟಕಟ ಎನ್ನುವುದನ್ನೇ ಗೇರ್ ಮುರಿದಿದೆ ಎಂದು ತಿಳಿದು ಯಂತ್ರ ಹೊತ್ತು ತರುವವರಿದ್ದಾರೆ. ಆಗರಿನ ಕೆಳ ಅಂಚಿನ ಹಿಂಬದಿಯನ್ನು ಗ್ರೈಂಡರಿನಲ್ಲಿ 10–15 ಡಿಗ್ರಿ ಇಳಿಜಾರು ತೆಗೆದು ಹರಿತ ಮಾಡಿ. ಹೊಸ ಆಗರುಗಳು ಬಹುತೇಕ ಮೊಂಡಾಗಿಯೇ ಬರುತ್ತವೆ, ಅವನ್ನು ಮಾಡಿರುವುದು ತೋಟದ ಮೆತ್ತನೆ ಮಣ್ಣಿಗೆ.

ಎರಡನೆಯದು ನೀರು, ಆದರೆ ತಾಳ್ಮೆಯಿಂದ. ಬಕೆಟ್ ನೀರು ಸುರಿದು ಕೂಡಲೇ ಆಗರ್ ಇಳಿಸಿದರೆ ಎರಿಯ ಮೇಲಿನ ಎರಡು ಸೆಂ.ಮೀ. ಅಂಟಾಗುತ್ತದೆ, ಕೆಳಗೆ ಒಣಗಿದ್ದು ಒಣಗಿದ ಹಾಗೇ ಇರುತ್ತದೆ. ಉಳಿದ ನೀರೆಲ್ಲ ಬಿರುಕಿನಲ್ಲಿ ಇಳಿದುಹೋಗುತ್ತದೆ. ಮೊದಲು ಬಿರುಕುಗಳಿಗೆ ಪುಡಿಮಣ್ಣು ತುಂಬಿ ತುಳಿಯಿರಿ. ಗುರುತಿನ ಸುತ್ತ 40 ಸೆಂ.ಮೀ. ಅಗಲದ ಮಣ್ಣಿನ ಕಟ್ಟೆ ಕಟ್ಟಿ, ಸಂಜೆ 15 ಲೀಟರ್ ನೀರನ್ನು ಎರಡು ಮೂರು ಸಲಕ್ಕೆ ಹಂಚಿ ಬಿಡಿ, ಮೇಲೆ ಗೋಣಿಚೀಲ ಮುಚ್ಚಿ. ಲೆಕ್ಕಕ್ಕೆ ಅದು ಸುಮಾರು 12 ಸೆಂ.ಮೀ. ನೀರು, ಒಣ ಎರಿಯಲ್ಲಿ ಬೆಳಗಾಗುವುದರೊಳಗೆ ಒಂದು ಅಡಿಯ ಹತ್ತಿರ ಇಳಿದಿರುತ್ತದೆ. ಗರಸಿಗೆ ಇಷ್ಟು ಕಾಯಬೇಕಿಲ್ಲ, ಒಂದು ತಾಸು ಸಾಕು. ಜಂಬಿಟ್ಟಿಗೆಗೆ ನೀರು ಹಾಕಿ ಉಪಯೋಗವಿಲ್ಲ.

ಒಂದು ಎಚ್ಚರ: ನೀರು ಬಿಡುವ ಮೊದಲೇ ಡಿಟೆಕ್ಟರಿನಿಂದ ಜಾಗ ಖಚಿತ ಮಾಡಿಕೊಂಡು ಮರದ ಗೂಟ ಬಡಿಯಿರಿ ಅಥವಾ ಸುಣ್ಣದ ಗೆರೆ ಹಾಕಿ. ಕಬ್ಬಿಣದ ಮೊಳೆ ಬೇಡ. ಕೃಷ್ಣಾ, ಘಟಪ್ರಭಾ ಕಾಲುವೆ ಕೆಳಗಿನ ಸವಳು ಜಮೀನಿನಲ್ಲಿ ಉಪ್ಪು ನೀರು ಸೇರಿದ ಕೂಡಲೇ ನೆಲವೇ ವಿದ್ಯುತ್ ಹರಿಸತೊಡಗಿ, ಡಿಟೆಕ್ಟರ್ ಸುಮ್ಮಸುಮ್ಮನೆ ಕೂಗುತ್ತದೆ. ಒದ್ದೆಯಾದ ಮೇಲೆ ಜಾಗ ಹುಡುಕುತ್ತೇನೆಂದರೆ ಆಗದು.

ಮೂರನೆಯದು ಸುತ್ತು ತೂತಿನ ಪದ್ಧತಿ. ಗರಸು ಮತ್ತು ಸುಣ್ಣದ ಹರಳಿನ ಪದರಕ್ಕೆ ಇದನ್ನು ಮೀರಿಸುವ ದಾರಿ ಇಲ್ಲ. 20 ಸೆಂ.ಮೀ. ಅಗಲದ ವೃತ್ತ ಎಳೆದು, ಅದರ ಗೆರೆಯ ಮೇಲೆ 16 ಮಿ.ಮೀ.ಯ ಕಾಂಕ್ರೀಟ್ ಬಿಟ್ಟಿನಿಂದ ಹ್ಯಾಮರ್ ಡ್ರಿಲ್ಲಿನಲ್ಲಿ 6–8 ತೂತು ಕೊರೆಯಿರಿ. ಆಳ ಎಷ್ಟೆಂದರೆ, ವಸ್ತು ಇದೆ ಎಂದು ತೋರಿದ ಆಳಕ್ಕಿಂತ 5 ಸೆಂ.ಮೀ. ಕಡಿಮೆ. ಬಿಟ್ಟಿಗೆ ಆ ಅಳತೆಗೆ ಟೇಪು ಸುತ್ತಿಕೊಳ್ಳಿ. ಆಮೇಲೆ ಸಲಿಕೆ ಚಿಸೆಲ್ಲನ್ನು ಹೊರಗಿನಿಂದ ಒಳಮುಖವಾಗಿ ಓರೆ ಹಿಡಿದು ನಡುವಿನ ಹೆಂಟೆ ಎಬ್ಬಿಸಿ. ಮಣ್ಣು ಪುಡಿಯಾಗುವ ಬದಲು ಹೆಂಟೆಯಾಗಿ ಏಳುತ್ತದೆ, ಯಂತ್ರದ ಶ್ರಮ ಉಳಿಯುತ್ತದೆ.

ಆಗರ್ ಇಳಿದಿದೆ, ಮೇಲೆ ಬರುತ್ತಿಲ್ಲ

ಹಸಿ ಜೇಡಿಯಲ್ಲಿ ಸುರುಳಿಯ ತುಂಬ ಮಣ್ಣು ಅಂಟಿ, ಕೆಳಗೆ ಗಾಳಿ ನುಗ್ಗಲು ದಾರಿ ಇಲ್ಲದೆ ಹೀರಿ ಹಿಡಿಯುತ್ತದೆ. ಒಮ್ಮೆಗೆ 6–8 ಸೆಂ.ಮೀ. ಮಾತ್ರ ಇಳಿಸಿ, ಮೇಲಕ್ಕೆತ್ತಿ ಮಣ್ಣು ಉದುರಿಸಿ. ಸಿಕ್ಕಿಬಿದ್ದಾಗಿದ್ದರೆ ಹಿಮ್ಮುಖ ಒತ್ತಿ ಡ್ರಿಲ್ಲನ್ನು ಜಗ್ಗಬೇಡಿ. ಚಕ್ಕಿನಿಂದ ಡ್ರಿಲ್ ಬಿಡಿಸಿ, ಆಗರಿನ ದಂಡಕ್ಕೆ ಪೈಪ್ ಪಾನಾ ಹಾಕಿ ಕೈಯಿಂದ ಎರಡು ಸುತ್ತು ಹಿಂದಕ್ಕೆ ತಿರುಗಿಸಿ ಎತ್ತಿ.

ಕೈಗೆ ಪೆಟ್ಟಾಗುವುದು ಹೆಚ್ಚಾಗಿ ಈ ಹಂತದಲ್ಲಿ. 60 ನ್ಯೂಟನ್ ಮೀಟರ್ ತಿರುಚು ಬಲದ ಡ್ರಿಲ್ಲು ಥಟ್ಟನೆ ಸಿಕ್ಕಿಕೊಂಡರೆ, 15 ಸೆಂ.ಮೀ. ಹಿಡಿಕೆಯ ತುದಿಯಲ್ಲಿ ಸುಮಾರು 40 ಕೆಜಿಯ ಹೊಡೆತ ಮಣಿಕಟ್ಟಿಗೆ ಬೀಳುತ್ತದೆ. 30 ಸೆಂ.ಮೀ.ಯ ಪಕ್ಕದ ಹಿಡಿಕೆ ಹಾಕಿದರೆ ಅದೇ ಹೊಡೆತ 20 ಕೆಜಿಗೆ ಇಳಿಯುತ್ತದೆ. ಪಕ್ಕದ ಹಿಡಿಕೆ ಇಲ್ಲದ ಡ್ರಿಲ್ಲಿಗೆ ಆಗರ್ ಹಾಕಲೇಬಾರದು. ಕುತ್ತಿಗೆಗೆ ಕ್ಲಾಂಪು ಬಿಗಿದು ಪೈಪಿನ ಹಿಡಿಕೆ ಮಾಡಿಸಿಕೊಳ್ಳುವುದು ಯಾವ ವೆಲ್ಡಿಂಗ್ ಅಂಗಡಿಯಲ್ಲೂ ಆಗುವ ಕೆಲಸ.

ಬ್ಯಾಟರಿ ಡ್ರಿಲ್ ನಡುವೆ ನಿಲ್ಲುತ್ತದೆ

ನಿಂತ ಮೇಲೆ ಬಿಟ್ಟನ್ನು ಮಣ್ಣಿನಿಂದ ಹೊರಗೆ ತೆಗೆದು ಗುಂಡಿ ಒತ್ತಿ. ತಕ್ಷಣ ತಿರುಗಿತೆಂದರೆ ಭಾರ ಹೆಚ್ಚಾಗಿ ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ ಕಡಿತ ಮಾಡಿದೆ. ದೋಷ ನೆಲದ್ದು ಅಥವಾ ಬಿಟ್ಟಿನದು, ಹಿಂದಿನ ಭಾಗಕ್ಕೆ ಹೋಗಿ. ಹದಿನೈದು ನಿಮಿಷ ನೆರಳಿನಲ್ಲಿಟ್ಟ ಮೇಲೆ ತಿರುಗಿದರೆ ಅದು ಬಿಸಿಯ ಕಡಿತ. ಮೇ ತಿಂಗಳ ಬಿಸಿಲಿನಲ್ಲಿ ಟ್ರ್ಯಾಕ್ಟರ್ ಸೀಟಿನ ಮೇಲಿಟ್ಟ ಬ್ಯಾಟರಿ ಕೆಲಸಕ್ಕೆ ಮೊದಲೇ ಕಾದಿರುತ್ತದೆ. ಕಾದ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ, ತಣಿದ ಮೇಲೆ ಹಾಕಿ. ತಣಿದರೂ ತಿರುಗದಿದ್ದರೆ ಮಲ್ಟಿಮೀಟರ್ ಹಿಡಿಯಿರಿ. ಪೂರ್ತಿ ಚಾರ್ಜಾದ 18 ವೋಲ್ಟ್ ಬ್ಯಾಟರಿ 20–21 ವೋಲ್ಟ್ ತೋರಿಸಬೇಕು. ಖಾಲಿ ಇದ್ದಾಗ 20 ತೋರಿಸಿ, ಭಾರ ಬಿದ್ದ ಕೂಡಲೇ 15ಕ್ಕಿಂತ ಕೆಳಗೆ ಕುಸಿದರೆ ಸೆಲ್ ಮುದಿಯಾಗಿವೆ, ಇಲ್ಲವೇ ಸಂಪರ್ಕದ ಪಟ್ಟಿಯಲ್ಲಿ ಮಣ್ಣು ಕೂತಿದೆ. ಮೊದಲು ಪಟ್ಟಿ ಒರೆಸಿ ನೋಡಿ, ಅದು ಪುಕ್ಕಟೆ.

ಇನ್ನು ಕೆಲವರಿಗೆ ಬ್ಯಾಟರಿ ಬೇಗ ಮುಗಿಯುವುದೇ ದೋಷವೆನಿಸುತ್ತದೆ. 4 ಆಂಪಿಯರ್ ಅವರ್‌ನ 18 ವೋಲ್ಟ್ ಬ್ಯಾಟರಿಯಲ್ಲಿರುವುದು 72 ವ್ಯಾಟ್ ಅವರ್. ಗಟ್ಟಿ ನೆಲದಲ್ಲಿ ಡ್ರಿಲ್ 20 ಆಂಪಿಯರ್ ಎಳೆದರೆ 12 ನಿಮಿಷಕ್ಕೆ ಖಾಲಿ. ಇದು ದೋಷವಲ್ಲ, ಲೆಕ್ಕ.

ಈ ಲೆಕ್ಕ ತಪ್ಪಿಸಲು ಔಷಧ ಹೊಡೆಯುವ ಬ್ಯಾಟರಿ ಪಂಪಿನ 12 ವೋಲ್ಟ್, 8 ಆಂಪಿಯರ್ ಅವರ್ ಬ್ಯಾಟರಿಯನ್ನು ಡ್ರಿಲ್ಲಿಗೆ ಜೋಡಿಸುವುದುಂಟು. ಆ ಬ್ಯಾಟರಿ ಕೆಲವೇ ಆಂಪಿಯರ್ ಎಳೆಯುವ ಸಣ್ಣ ಮೋಟಾರಿಗೆಂದು ಇರುವುದು. 20 ಆಂಪಿಯರ್ ಕೇಳಿದರೆ ವೋಲ್ಟೇಜ್ ಕುಸಿದು ಡ್ರಿಲ್ ಕುಂಟುತ್ತದೆ. ಎರಡನ್ನು ಸರಣಿಯಲ್ಲಿ ಜೋಡಿಸಿದರೆ ಚಾರ್ಜಾದಾಗ 25 ವೋಲ್ಟ್ ದಾಟಿ 18 ವೋಲ್ಟಿನ ಸ್ವಿಚ್ ಬೋರ್ಡು ಹೊಗೆಯಾಡುತ್ತದೆ. 12 ವೋಲ್ಟಿನ ಡ್ರಿಲ್ಲಿಗೆ ಟ್ರ್ಯಾಕ್ಟರ್ ಬ್ಯಾಟರಿ ಒಪ್ಪುತ್ತದೆ, ಆದರೆ ವೈರು ದಪ್ಪ ಇರಬೇಕು. 3 ಮೀಟರ್ ಉದ್ದಕ್ಕೆ 1.5 ಚದರ ಮಿ.ಮೀ. ವೈರು ಹಾಕಿದರೆ 40 ಆಂಪಿಯರಿನಲ್ಲಿ ವೈರಿನಲ್ಲೇ ಸುಮಾರು 3 ವೋಲ್ಟ್ ಹೋಗುತ್ತದೆ. 6 ಚದರ ಮಿ.ಮೀ.ಯಾದರೆ ಮುಕ್ಕಾಲು ವೋಲ್ಟ್. ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ 40 ಆಂಪಿಯರ್ ಫ್ಯೂಸ್ ಇರಲೇಬೇಕು. ಹೊಲದಲ್ಲಿ ವೈರಿನ ಮೇಲೆ ಯಾರಾದರೂ ಸಲಿಕೆ ಹಾಕುವುದು ಇದ್ದದ್ದೇ.

ಹ್ಯಾಮರ್ ಓಡುತ್ತದೆ, ಹೊಡೆಯುವುದಿಲ್ಲ

ಹ್ಯಾಮರಿನೊಳಗೆ ಪಿಸ್ಟನ್ ಗಾಳಿಯನ್ನು ಒತ್ತಿ ಒಂದು ಗುಂಡನ್ನು ಮುಂದಕ್ಕೆ ಎಸೆಯುತ್ತದೆ, ಆ ಗುಂಡು ಚಿಸೆಲ್ಲಿನ ಹಿಂದಲೆಗೆ (ಯಂತ್ರದೊಳಗೆ ಕೂರುವ ತುದಿ) ಬಡಿಯುತ್ತದೆ. ಚಿಸೆಲ್ಲನ್ನು ನೆಲಕ್ಕೆ ಒತ್ತದಿದ್ದರೆ ಗುಂಡು ಮುಂದಕ್ಕೆ ಜಾರಿ ನಿಂತು ಹೊಡೆತ ತಾನೇ ನಿಲ್ಲುತ್ತದೆ. ಹಾಗೆ ನಿಲ್ಲಬೇಕೆಂದೇ ಅದನ್ನು ಮಾಡಿರುವುದು. ಪುಡಿಮಣ್ಣಿನಲ್ಲಿ ಚಿಸೆಲ್ಲಿಗೆ ಎದುರುಬಲವೇ ಇರುವುದಿಲ್ಲ, ಹಾಗಾಗಿ ಅಲ್ಲೂ ಹೊಡೆಯುವುದಿಲ್ಲ. ಕಲ್ಲಿನ ಮೇಲೋ ಕಾಂಕ್ರೀಟಿನ ಮೇಲೋ ಇಟ್ಟು ಒತ್ತಿ ನೋಡಿ. ಅಲ್ಲಿ ಹೊಡೆದರೆ ಯಂತ್ರ ಸರಿಯಿದೆ, ಪುಡಿ ತೆಗೆದು ಕೆಲಸ ಮುಂದುವರಿಸಿ.

ಅಲ್ಲೂ ಹೊಡೆಯದಿದ್ದರೆ ಚಿಸೆಲ್ಲಿನ ಹಿಂದಲೆ ನೋಡಿ. ಲೇತಿನಲ್ಲಿ ಮೆತ್ತನೆ ಕಬ್ಬಿಣದಿಂದ ಮಾಡಿಸಿದ ಹಿಂದಲೆ ಹೊಡೆತಕ್ಕೆ ಅಣಬೆಯ ಹಾಗೆ ಅರಳುತ್ತದೆ, ಉದ್ದ ಕಡಿಮೆಯಾಗಿ ಗುಂಡು ತಲುಪುವುದಿಲ್ಲ, ಅರಳಿದ ತಲೆ ಹೋಲ್ಡರಿನಲ್ಲೇ ಕಚ್ಚಿಕೊಳ್ಳುತ್ತದೆ. ಹಿಂದಲೆಯನ್ನು ಮಾಡಿಸಬೇಡಿ. ಅಂಗಡಿಯ ಚಿಸೆಲ್ ಕೊಂಡು ಅದರ ಮುಂದಿನ ತುದಿಯನ್ನಷ್ಟೇ ಬದಲಿಸಿ. ಹಿಂದಲೆಯಲ್ಲಿ ಬಗೆ ಬಗೆ ಇವೆ: ಚಿಕ್ಕ ಹ್ಯಾಮರಿನ ಎಸ್‌ಡಿಎಸ್ ಪ್ಲಸ್ ಹಿಂದಲೆ 10 ಮಿ.ಮೀ., ದೊಡ್ಡದರ ಎಸ್‌ಡಿಎಸ್ ಮ್ಯಾಕ್ಸ್ 18 ಮಿ.ಮೀ.; ಕಟ್ಟಡ ಕೆಲಸದವರ ಬಳಿ ಹೆಚ್ಚಾಗಿರುವ ಚಿಕ್ಕ ಬ್ರೇಕರಿನದು 17 ಮಿ.ಮೀ. ಷಟ್ಕೋನ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ಹಿಂದಲೆಯೂ ಸರಿ ಇದ್ದರೆ ಪಿಸ್ಟನ್ನಿನ ರಬ್ಬರ್ ಉಂಗುರ ಸವೆದಿದೆ, ಅಥವಾ ಗ್ರೀಸ್ ಒಣಗಿದೆ. ಇದು ಅಂಗಡಿಯ ಕೆಲಸ. ಕಿಡಿ ಹೆಚ್ಚಿ ಸುಟ್ಟ ವಾಸನೆ ಬಂದರೆ ಕಾರ್ಬನ್ ಬ್ರಷ್ ನೋಡಿ, 5–6 ಮಿ.ಮೀ.ಗಿಂತ ಗಿಡ್ಡವಾಗಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಹೊಲದ ಧೂಳಿಗೆ ಬ್ರಷ್ ಬೇಗ ಸವೆಯುತ್ತದೆ. ಗಾಳಿ ಕಿಂಡಿಗೆ ಬಟ್ಟೆ ಸುತ್ತಿ ಧೂಳು ತಡೆಯುವ ಉಪಾಯ ಮಾತ್ರ ಬೇಡ, ಧೂಳಿಗಿಂತ ಬಿಸಿಯೇ ಮೋಟಾರನ್ನು ಬೇಗ ಕೊಲ್ಲುತ್ತದೆ.

ಬೆಸೆದ ಸಲಿಕೆ ಮುರಿಯುತ್ತದೆ

ಮುರಿದ ಮುಖವನ್ನು ಒರೆಸಿ ಬೆಳಕಿಗೆ ಹಿಡಿಯಿರಿ, ಕಾರಣ ಅಲ್ಲೇ ಬರೆದಿರುತ್ತದೆ. ಬೆಸುಗೆಯ ಪಕ್ಕದಲ್ಲೇ, ಸಕ್ಕರೆ ಹರಳಿನಂಥ ಬೂದು ಮುಖ ಬಿಟ್ಟು ಸೀಳಿದ್ದರೆ ಕಮಾನು ಪಟ್ಟಿಯನ್ನು ಕಾಯಿಸದೆ ಬೆಸೆದಿದ್ದಾರೆ. ಸ್ಪ್ರಿಂಗ್ ಉಕ್ಕಿನಲ್ಲಿ ಕಾರ್ಬನ್ ಹೆಚ್ಚು. ತಣ್ಣಗಿರುವಾಗ ಬೆಸೆದರೆ ಬೆಸುಗೆಯ ಅಂಚು ಥಟ್ಟನೆ ತಣಿದು ಗಾಜಿನಷ್ಟು ಪೆಡಸಾಗುತ್ತದೆ. ಬೆಸುಗೆಯಲ್ಲೇ ಸಣ್ಣ ತೂತುಗಳು ಕಂಡರೆ ರಾಡು ತೇವ ಹಿಡಿದಿತ್ತು. ಸಲಿಕೆ ಮುರಿಯದೆ ಬಾಗಿದ್ದರೆ ಕಮಾನು ಪಟ್ಟಿಯೆಂದು ಸಾಮಾನ್ಯ ಪಟ್ಟಿ ಹಾಕಿದ್ದಾರೆ. ಹಿಂದಲೆಯ ತೋಡಿನ ಹತ್ತಿರ ಮುರಿದಿದ್ದರೆ ತಪ್ಪು ಬೆಸೆದವರದ್ದಲ್ಲ, ಯಂತ್ರವನ್ನೇ ಹಾರಿಯಂತೆ ಮೀಟಿದ್ದೀರಿ.

ಮತ್ತೆ ಮಾಡಿಸುವಾಗ ಹೀಗೆ ಹೇಳಿ. ಎಸ್‌ಡಿಎಸ್ ಪ್ಲಸ್ ಹ್ಯಾಮರಿಗೆ ಸಲಿಕೆಯ ಅಗಲ 50–60 ಮಿ.ಮೀ., ಉದ್ದ 120 ಮಿ.ಮೀ. ಮೀರಬಾರದು. 17 ಮಿ.ಮೀ. ಬ್ರೇಕರಿಗೆ 100 ಮಿ.ಮೀ. ಅಗಲ, 150 ಮಿ.ಮೀ. ಉದ್ದ ನಡೆಯುತ್ತದೆ. ಪಟ್ಟಿಯ ದಪ್ಪ 6–8 ಮಿ.ಮೀ.; ಹಗುರ ಗಾಡಿಯ ಕಮಾನು ಹುಡುಕಿ. ಟ್ರಾಲಿಯ ದಪ್ಪ ಪಟ್ಟಿ ಗಟ್ಟಿ ಎಂದು ಹಾಕಿಸುವವರು ಹೆಚ್ಚು, ಆದರೆ ಸಲಿಕೆ ಭಾರವಾದಷ್ಟೂ ಹೊಡೆತದ ಬಲ ಅದನ್ನು ಅಲುಗಿಸುವುದರಲ್ಲೇ ಕಳೆಯುತ್ತದೆ, ನೆಲಕ್ಕೆ ತಲುಪುವುದು ಉಳಿದದ್ದು.

ತುದಿಗೆ ತುದಿ ಇಟ್ಟು ಬೆಸೆಯುವುದು ಬೇಡ. ಪಟ್ಟಿಯಲ್ಲಿ 50 ಮಿ.ಮೀ. ಆಳದ ಸೀಳು ಕೊಯ್ದು, ಚಿಸೆಲ್ಲಿನ ದಂಡವನ್ನು ಅದರೊಳಗೆ ಕೂರಿಸಿ ಎರಡೂ ಮುಖದಲ್ಲಿ ಬೆಸೆಯಬೇಕು. ಪಟ್ಟಿಯ ಒಂದು ಜಾಗ ಉಜ್ಜಿ ಹೊಳಪು ಮಾಡಿ, ಬ್ಲೋ ಲ್ಯಾಂಪಿನಿಂದ ನಿಧಾನ ಕಾಯಿಸಿ. ಆ ಜಾಗ ಒಣಹುಲ್ಲಿನ ಹಳದಿ, ಕಂದು ದಾಟಿ ನೀಲಿಗೆ ತಿರುಗಿದಾಗ ಸುಮಾರು 300 ಡಿಗ್ರಿ. ಆಗ 7018 ರಾಡು, 3.15 ಮಿ.ಮೀ., ಹೊಸದಾಗಿ ಒಡೆದ ಪೊಟ್ಟಣದ್ದು. ಗೇಟು ಕಿಟಕಿಗೆ ಹಚ್ಚುವ 6013 ಇಲ್ಲಿ ಸಲ್ಲದು. ಬೆಸೆದ ಕೂಡಲೇ ಒಣ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಡಿ. ನೀರಿನಲ್ಲಿ ಅದ್ದಿ ಚುಂಯ್ ಎನ್ನಿಸಿದರೆ ಅಷ್ಟೂ ಕೆಲಸ ಹಾಳು. ಈ ಮಾತನ್ನು ಮೊದಲೇ ಹೇಳಿಡಿ, ಅದ್ದುವುದು ಕೈಗೆ ಹತ್ತಿದ ರೂಢಿ.

ಬಳಸುವಾಗ 3–4 ಸೆಂ.ಮೀ. ದಪ್ಪದ ಹೋಳು ಹೋಳಾಗಿ ಕೊಯ್ಯಿರಿ, ಸಲಿಕೆ ಅರ್ಧಕ್ಕಿಂತ ಆಳ ಇಳಿಯಗೊಡಬೇಡಿ. ಸಿಕ್ಕಿಬಿದ್ದರೆ ಯಂತ್ರವನ್ನು ಕಳಚಿ, ಸಲಿಕೆಯನ್ನು ನೆಲದಲ್ಲೇ ಬಿಟ್ಟು ಹಾರಿಯಿಂದ ಪಕ್ಕದ ಮಣ್ಣು ಸಡಿಲಿಸಿ.

ವೈರಿನ ತುದಿಯಲ್ಲಿ ಶಕ್ತಿ ಇಲ್ಲ

ಮನೆ ಹತ್ತಿರ ಚೆನ್ನಾಗಿ ಹೊಡೆಯುವ ಬ್ರೇಕರ್ ಹೊಲದಲ್ಲಿ ಸೊರಗಿದರೆ ವೈರು ನೋಡಿ. 1300 ವ್ಯಾಟಿನ ಬ್ರೇಕರಿಗೆ 60 ಮೀಟರ್ ಉದ್ದದ 0.75 ಚದರ ಮಿ.ಮೀ. ವೈರಿನಲ್ಲಿ ಸುಮಾರು 18 ವೋಲ್ಟ್ ಇಳಿಯುತ್ತದೆ. ಊರ ಕೊನೆಯ ಲೈನಿನಲ್ಲಿ ಮೊದಲೇ 200ಕ್ಕಿಂತ ಕಡಿಮೆ ಇದ್ದರೆ ಯಂತ್ರಕ್ಕೆ ಸಿಗುವುದು 180ರ ಆಸುಪಾಸು. 2.5 ಚದರ ಮಿ.ಮೀ. ವೈರು ಹಾಕಿದರೆ ಇಳಿತ 5–6 ವೋಲ್ಟ್ ಮಾತ್ರ. ಸುರುಳಿಯಲ್ಲಿ ಸುತ್ತಿಟ್ಟ ವೈರು ಕಾಯುತ್ತದೆ, ಪೂರ್ತಿ ಬಿಚ್ಚಿ ಹಾಸಿ. ಮೂಲದಲ್ಲಿ 30 ಮಿಲಿ ಆಂಪಿಯರಿನ ಸೋರಿಕೆ ಬ್ರೇಕರ್ (ಕರೆಂಟು ಸೋರಿದರೆ ತಾನೇ ಕಡಿತ ಮಾಡುವ ಸ್ವಿಚ್) ಇಲ್ಲದೆ ಹಸಿ ನೆಲದಲ್ಲಿ ಕೆಲಸ ಬೇಡ. ಕಂಬದ ತಂತಿಗೆ ಕೊಕ್ಕೆ ಹಾಕುವುದನ್ನು ಇಲ್ಲಿ ಚರ್ಚಿಸುವುದಿಲ್ಲ.

ಕಾರಿನ ಸಿಗರೇಟು ಸಾಕೆಟ್ಟಿನ ಇನ್ವರ್ಟರಿನಿಂದ ಹ್ಯಾಮರ್ ಎಂದೂ ನಡೆಯುವುದಿಲ್ಲ. ಆ ಸಾಕೆಟ್ಟಿನ 10–15 ಆಂಪಿಯರ್ ಫ್ಯೂಸಿನ ಮೂಲಕ ಬರುವುದೇ 120–180 ವ್ಯಾಟ್, 800 ವ್ಯಾಟಿನ ಹ್ಯಾಮರ್ ಇನ್ವರ್ಟರಿನ ನಷ್ಟ ಸೇರಿ 12 ವೋಲ್ಟಿನ ಕಡೆ ಸುಮಾರು 78 ಆಂಪಿಯರ್ ಕೇಳುತ್ತದೆ. 2 ಕೆವಿಎ ಜನರೇಟರ್ ಬಾಡಿಗೆಗೆ ತರುವುದೇ ಮೇಲು.

ತಕ್ಷಣ ಕೈಬಿಡಬೇಕಾದ ಎರಡು ಲಕ್ಷಣ

ಡಿಟೆಕ್ಟರಿನ ಸದ್ದು ಒಂದೇ ಜಾಗದಲ್ಲಿ ನಿಲ್ಲದೆ ಗೆರೆಯಾಗಿ ಹತ್ತಾರು ಅಡಿ ಓಡಿದರೆ ಅದು ಪೈಪು ಅಥವಾ ಕೇಬಲ್. ಬೋರಿನಿಂದ ಸ್ಟಾರ್ಟರ್ ಪೆಟ್ಟಿಗೆಗೆ ಹೋಗುವ ಮೂರು ಫೇಸಿನ ಕೇಬಲ್ಲನ್ನು ಹಲವರು ಮೇಲಷ್ಟೇ ಹೂತಿರುತ್ತಾರೆ. ಗೆರೆ ಬೋರಿನ ದಿಕ್ಕಿಗೋ ಕಂಬದ ದಿಕ್ಕಿಗೋ ಹೋಗುತ್ತಿದ್ದರೆ ಯಂತ್ರ ತೆಗೆದಿಡಿ, ಸ್ಟಾರ್ಟರ್ ಆಫ್ ಮಾಡಿದರೆ ಸಾಲದು, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಂಡು ಕೈಯಿಂದ ಬಿಡಿಸಿ. ಕಂಬದಿಂದ ಪೆಟ್ಟಿಗೆಗೆ ಬರುವ ಭಾಗವಾದರೆ ಫ್ಯೂಸ್ ಕಿತ್ತರೂ ಅದರಲ್ಲಿ ಕರೆಂಟು ಇರುತ್ತದೆ, ಅದನ್ನು ಮುಟ್ಟಲೇಬೇಡಿ. ಪಿವಿಸಿ ಪೈಪು ಡಿಟೆಕ್ಟರಿಗೆ ಕಾಣುವುದೇ ಇಲ್ಲ, ಡ್ರಿಪ್ಪಿನ ಲೈನು ಎಲ್ಲಿದೆಯೆಂದು ಹೊಲದವರನ್ನೇ ಕೇಳಬೇಕು.

ಇನ್ನೊಂದು, ಹಳೆಯ ವಾಡೆ ಅಥವಾ ಪಾಳುಮನೆಯ ಹತ್ತಿರ ಬಿಟ್ ಇದ್ದಕ್ಕಿದ್ದಂತೆ ಖಾಲಿಗೆ ಬಿದ್ದ ಹಾಗೆ ಇಳಿದುಹೋಗುವುದು. ಅದು ಮುಚ್ಚಿಹೋದ ಹಗೇವು (ಕಾಳು ತುಂಬಿಡುವ ನೆಲಗುಂಡಿ) ಇರಬಹುದು. ಬಾಯಿ ಕುಸಿಯುತ್ತದೆ, ಒಳಗಿನ ಗಾಳಿ ಉಸಿರಿಗೆ ಆಗದು. ಹಿಂದೆ ಸರಿಯಿರಿ, ಬಗ್ಗಿ ಇಣುಕಬೇಡಿ, ಸುತ್ತ ಕಲ್ಲಿಟ್ಟು ಜಾಗದ ಮಾಲೀಕರಿಗೆ ತಿಳಿಸಿ.

ಅಗೆದಾಯಿತು, ಡಿಟೆಕ್ಟರ್ ಮಾತು ಬದಲಿಸಿತು

ಗುಂಡಿಯ ಪಕ್ಕ ಹೋದ ಕೂಡಲೇ ಕೂಗಾಟ ಶುರುವಾದರೆ ಮೊದಲು ನಿಮ್ಮನ್ನೇ ನೋಡಿಕೊಳ್ಳಿ. ಮುಂದಿನ ತುದಿಯಲ್ಲಿ ಉಕ್ಕಿನ ಕವಚವಿರುವ ಸೇಫ್ಟಿ ಶೂ, ಜೇಬಿನ ಫೋನು, ಪಕ್ಕದಲ್ಲಿಟ್ಟ ಸಲಿಕೆ, ಎಲ್ಲವೂ ಸದ್ದು ಕೊಡುತ್ತವೆ. ಯಂತ್ರವನ್ನು ಎರಡು ಮೀಟರ್ ದೂರವಿಡಿ. ಡ್ರಿಲ್ ತಿರುಗುತ್ತಿರುವಾಗ, ಜನರೇಟರ್ ಓಡುತ್ತಿರುವಾಗ, ಹೈಟೆನ್ಷನ್ ತಂತಿಯ ಕೆಳಗೆ ಬರುವ ಕಟಕಟ ಸದ್ದು ವಿದ್ಯುತ್ ಅಡಚಣೆ. ಯಂತ್ರ ಆರಿಸಿ, ಸೆನ್ಸಿಟಿವಿಟಿ ಇಳಿಸಿ.

ಅಗೆದ ಮೇಲೆ ಸದ್ದೇ ಮಾಯವಾಯಿತು ಎಂಬುದು ಸಾಮಾನ್ಯ ದೂರು. ಮೊದಲು ಮಣ್ಣಿನ ಗುಡ್ಡೆ ಪರೀಕ್ಷಿಸಿ. ವಸ್ತು ಹೆಚ್ಚಾಗಿ ಅಲ್ಲೇ ಬಂದಿರುತ್ತದೆ. ಮಣ್ಣನ್ನು ಗೋಣಿಚೀಲದ ಮೇಲೆ ಹಾಕಿಕೊಂಡರೆ ಹುಡುಕುವುದು ಸುಲಭ. ಗುಡ್ಡೆಯಲ್ಲೂ ಇಲ್ಲವೆಂದರೆ, ಪೂರ್ತಿ ತುಕ್ಕು ಹಿಡಿದ ಕಬ್ಬಿಣ ಪುಡಿಯಾಗಿ ಚದುರಿರಬಹುದು, ಅಥವಾ ತೆಳ್ಳನೆ ವಸ್ತು ಅಂಚಿನ ಮೇಲೆ ನಿಂತು ಸದ್ದು ಕುಗ್ಗಿರಬಹುದು. ಗುಂಡಿಯ ಗೋಡೆಗಳಿಗೆ ಪಿನ್‌ಪಾಯಿಂಟರ್ (ಕೈಯಲ್ಲಿ ಹಿಡಿಯುವ ಚಿಕ್ಕ ಡಿಟೆಕ್ಟರ್) ಹಿಡಿಯಿರಿ. ಅದರ ಎಟುಕು ಕೆಲವೇ ಸೆಂ.ಮೀ., ನಿಧಾನವಾಗಿ ಗೋಡೆಗೆ ಒರೆಸಿದಂತೆ ಆಡಿಸಬೇಕು.

ಆಳದ ಅಂಕಿಯನ್ನು ನಂಬಿ ಬಿಟ್ ಇಳಿಸಿ ವಸ್ತುವನ್ನೇ ತೂತು ಮಾಡುವುದು ಇನ್ನೊಂದು ಬಗೆ. ಆ ಅಂಕಿಯನ್ನು ನಾಣ್ಯದ ಗಾತ್ರಕ್ಕೆ ಹೊಂದಿಸಿರುತ್ತಾರೆ. ನೇಗಿಲಿನ ಕುಳದಂಥ ದೊಡ್ಡದು ನಿಜಕ್ಕಿಂತ ಮೇಲೆ ಇದ್ದಂತೆ ತೋರುತ್ತದೆ, ಉಂಗುರಕ್ಕಿಂತ ಚಿಕ್ಕದು ನಿಜಕ್ಕಿಂತ ಆಳದಲ್ಲಿ ಇದ್ದಂತೆ ತೋರುತ್ತದೆ. ಅಪಾಯ ಇರುವುದು ಚಿಕ್ಕದರಲ್ಲಿ: 15 ಎಂದು ತೋರಿದ್ದು 10ರಲ್ಲೇ ಇರಬಹುದು. ಬಂಗಾರ ಹುಡುಕುತ್ತಿದ್ದರೆ ಗುರುತಿನ ಮೇಲೆ ಯಂತ್ರ ಬೇಡವೇ ಬೇಡ; 12 ಸೆಂ.ಮೀ. ಆಚೆ ನಾಲ್ಕೂ ಕಡೆ ಸಡಿಲಿಸಿ ನಡುವಿನದನ್ನು ಕೈಯಿಂದ ಬಿಡಿಸಿ.

ಎಲ್ಲಿ ಅಗೆದರೂ ಕೂಗಿ ಏನೂ ಸಿಗದಿದ್ದರೆ ನೆಲವೇ ಕೂಗುತ್ತಿದೆ. ಎರಿಯ ಕೆಳಗಿನ ಕರಿಕಲ್ಲಿನಲ್ಲಿ ಆಯಸ್ಕಾಂತ ಗುಣದ ಖನಿಜವಿದೆ, ಜಂಬಿಟ್ಟಿಗೆಯಲ್ಲಿ ಕಬ್ಬಿಣದ ಆಕ್ಸೈಡ್ ತುಂಬಿದೆ. ಲೋಹವಿಲ್ಲದ ಜಾಗದಲ್ಲಿ ಡಿಟೆಕ್ಟರಿನ ಕಾಯಿಲನ್ನು (ಕೆಳಗಿನ ತಟ್ಟೆ) ನೆಲದಿಂದ 5 ಸೆಂ.ಮೀ.ಗೂ 30 ಸೆಂ.ಮೀ.ಗೂ ನಡುವೆ ಏರಿಳಿಸುತ್ತ, ಎರಡೂ ಕಡೆ ಸದ್ದು ಸಮವಾಗುವ ತನಕ ಗ್ರೌಂಡ್ ಬ್ಯಾಲೆನ್ಸ್ (ನೆಲದ ಸದ್ದು ಅಡಗಿಸುವ ಗುಂಡಿ) ತಿರುಗಿಸಿ. ಎರಿಯಿಂದ ಗರಸಿಗೆ ಕಾಲಿಟ್ಟಾಗ ಇದನ್ನು ಮತ್ತೆ ಮಾಡಬೇಕು. ಇಷ್ಟಾದರೂ ಒಂದು ಕಲ್ಲು ಕೂಗಿದರೆ ಅದನ್ನು ಎತ್ತಿ ಪಕ್ಕಕ್ಕಿಟ್ಟು, ಅದೇ ಜಾಗ ಮತ್ತೆ ನೋಡಿ.

ಗುಂಡಿ ಮುಚ್ಚುವ ಮೊದಲು ಬಿಟ್ಟಿನ ಮೊನೆ, ಸಲಿಕೆಯ ಅಂಚು ಪೂರ್ತಿ ಇವೆಯೇ ನೋಡಿ. ತುಂಡಾಗಿದ್ದರೆ ಚೂರು ಒಳಗೇ ಇದೆ; ಅದು ಸಿಕ್ಕುವ ತನಕ ಡಿಟೆಕ್ಟರ್ ಆಡಿಸಿ, ಬಿಟ್ಟುಹೋದರೆ ಎತ್ತಿನ ಗೊರಸಿಗೋ ಟ್ರ್ಯಾಕ್ಟರಿನ ಟೈರಿಗೋ ತಾಗುತ್ತದೆ. ಹೆಂಟೆಗಳನ್ನು ಹಾಗೇ ತುಂಬಬೇಡಿ, ಒಡೆದು 10 ಸೆಂ.ಮೀ.ಗೊಂದು ಪದರ ತುಳಿದು ಮುಚ್ಚಿ. ಎರಿಯಲ್ಲಿ ಮೊದಲ ಮಳೆಗೆ ಆ ಜಾಗ ಕುಸಿಯುತ್ತದೆ, ಆದ್ದರಿಂದ ಒಂದು ಗೇಣು ದಿಬ್ಬ ಬಿಟ್ಟೇ ಮುಚ್ಚಿ.